ಬೋರ್ ಫೇಲ್ ಆಯ್ತು, ಅದಕ್ಕೆ ಡಿಗ್ರಿ ಬಿಡ್ತೀನಿ ಅಂದ ಹುಡುಗಿ

ಊರು, ಕಾಲೇಜು ಹೇಳಲ್ಲ, ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ, ಬರೆಯೋದಕ್ಕೆ ಅವಳೂ ಅವಳಪ್ಪನೂ ಒಪ್ಪಿದಾರೆ. ತುಮಕೂರು-ಚಿತ್ರದುರ್ಗದ ಬಯಲುಸೀಮೆ ಕಡೆ ಹುಡುಗಿ, ರೈತರ ಮನೆ, ಇಷ್ಟು ಸಾಕು. ಇಲ್ಲಿ ಶೈಲಾ ಅಂತ ಕರೀತೀನಿ. ಆ ಹೆಸರು ಅವಳೇ ಆರಿಸಿದ್ದು, "ಕಲ್ಲಿನ ಹೆಸರೇ ಇರ್ಲಿ ಬಿಡಿ ಮೇಡಂ" ಅಂತ. ಆದ್ರೆ ಹಾಗೆ ಜೋಕ್ ಮಾಡೋ ಹಂತಕ್ಕೆ ಬರೋಕೆ ಅವಳಿಗೆ ನಾಲ್ಕು ತಿಂಗಳು ಹಿಡೀತು.

ಬಂದಾಗ ಬಿಎಸ್ಸಿ ಎರಡನೇ ವರ್ಷ, ಜಿಯಾಲಜಿ, ಎನ್ವಿರಾನ್ಮೆಂಟಲ್ ಸೈನ್ಸ್, ಕೆಮಿಸ್ಟ್ರಿ ಕಾಂಬಿನೇಷನ್. ಮೊದಲನೇ ವರ್ಷ ಚೆನ್ನಾಗೇ ಮಾರ್ಕ್ಸ್ ತಗೊಂಡಿದ್ದವಳು ಆರು ತಿಂಗಳಿಂದ ಜಿಯಾಲಜಿ ಪ್ರಾಕ್ಟಿಕಲ್‌ಗೆ ಹೋಗ್ತಿಲ್ಲ, ಆಫೀಸಲ್ಲಿ ಟಿಸಿ ಕೇಳಿದಾಳೆ, ಅದು ಗೊತ್ತಾಗಿ ಒಬ್ಬರು ಲೆಕ್ಚರರ್ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಕಳಿಸಿದ್ರು. ಕೂತ ತಕ್ಷಣ ಹೇಳಿದ್ದು ಒಂದೇ ಮಾತು, ಈ ಕೋರ್ಸಿಗೆ ಸ್ಕೋಪ್ ಇಲ್ಲ ಮೇಡಂ, ಬಿಟ್ಟು ನರ್ಸಿಂಗ್ ಸೇರ್ತೀನಿ.

ಇಲ್ಲಿ ನಾನೂ ಒಂದು ತಪ್ಪು ಮಾಡ್ದೆ, ಒಪ್ಕೋತೀನಿ. ಸ್ಕೋಪ್ ಅನ್ನೋ ಪದ ಕಿವಿಗೆ ಬಿದ್ದಿದ್ದೇ ತಡ ಅರ್ಧ ಗಂಟೆ ಕೆರಿಯರ್ ಕೌನ್ಸೆಲಿಂಗ್ ಶುರು ಹಚ್ಕೊಂಡೆ, ಜಿಯಾಲಜಿಕಲ್ ಸರ್ವೆ ಇದೆ, ಗಣಿ ಇಲಾಖೆ ಇದೆ, ಹಟ್ಟಿ ಚಿನ್ನದ ಗಣಿ ಇದೆ, ಅಂತರ್ಜಲ ಮಂಡಳಿ ಇದೆ ಅಂತ. ಅವಳು ತಲೆ ಅಲ್ಲಾಡಿಸ್ತಾ ಕೂತಿದ್ಲು, ಕೇಳಿಸ್ಕೊಳ್ತಿರ್ಲಿಲ್ಲ. ಅಂತರ್ಜಲ ಅಂದಾಗ ಮಾತ್ರ ಮುಖ ಕೆಂಪಾಯ್ತು. ಅಲ್ಲಿಗೆ ನಾನು ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲಿಟ್ಲು, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದು, ಒಳಗೆ ಒಂದು ಹಿಡಿ ಕಪ್ಪು-ಬೂದು ಪುಡಿ. ಬೂದಿ ಅನ್ಕೊಂಡೆ ನಾನು. "ಬೋರಿನ ಪುಡಿ ಮೇಡಂ, 870 ಅಡಿ, ಒಂದು ಲೋಟ ನೀರು ಬರ್ಲಿಲ್ಲ."

ಆಗಿದ್ದಿಷ್ಟು. ಅವರ ತೋಟದಲ್ಲಿ ಅದಕ್ಕೂ ಮುಂಚೆ ಎರಡು ಬೋರ್ ಫೇಲ್ ಆಗಿತ್ತು, ಎರಡಕ್ಕೂ ಪಾಯಿಂಟ್ ಮಾಡಿದ್ದು ಪಕ್ಕದೂರಿನ ತೆಂಗಿನಕಾಯಿ ಅಜ್ಜ, ಅಂಗೈ ಮೇಲೆ ಕಾಯಿ ಮಲಗಿಸ್ಕೊಂಡು ನಡೀತಾರಲ್ಲ, ಕಾಯಿ ಎದ್ದು ನಿಂತ ಕಡೆ ನೀರು, ಅವರು. ಮೂರನೇ ಸಲ ಅಪ್ಪ ಇವಳನ್ನ ಕೇಳಿದಾರೆ, ನೀನು ಇದನ್ನೇ ಓದ್ತಿರೋದಲ್ವಾ, ಎಲ್ಲಿ ಹೊಡೆಸ್ಬೇಕು ತೋರ್ಸು ಅಂತ. ಇವಳಿಗೆ ಆಗ ಎರಡನೇ ಸೆಮಿಸ್ಟರ್ ಮುಗಿದಿತ್ತಷ್ಟೇ. ಕಲ್ಲಿನ ಬಿರುಕುಗಳು ಮೇಲಿಂದ ನೋಡಿದ್ರೆ ಉದ್ದ ಗೆರೆ ಥರ ಕಾಣತ್ತೆ, ಅಂಥ ಗೆರೆ ಗುಂಟ ನೀರು ಸಿಗೋ ಚಾನ್ಸ್ ಜಾಸ್ತಿ ಅಂತ ಕ್ಲಾಸಲ್ಲಿ ಕೇಳಿದ್ಲು, ಫೋನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದ್ಲು, ಮೂರು ಹೊಲ ದಾಟಿ ಇವರ ತೋಟದ ಮೂಲೆಗೆ ಬರೋ ಒಂದು ಕಪ್ಪು ಗೆರೆ ಸಿಕ್ತು, ಅದರ ಮೇಲೇ ಗೂಟ ಹೊಡೆದ್ಲು. ರಿಗ್ ಬಂತು, ಊರೆಲ್ಲ ಸೇರ್ತು, ರಾತ್ರಿಯೆಲ್ಲ ಧೂಳು. ಬೆಳಗ್ಗೆ ಕೇಸಿಂಗ್ ಪೈಪಿನ ಬಾಯಿಗೆ ಕಲ್ಲು ಮುಚ್ಚಿ ಲಾರಿ ಹೊರಟು ಹೋಯ್ತು. ಒಂದೂವರೆ ಲಕ್ಷದ ಹತ್ರ ಸಾಲ. ಅಲ್ಲೇ ನಿಂತಿದ್ದ ಸೋದರಮಾವ ಎಲ್ಲರ ಮುಂದೆ ಅಂದಿದ್ದು, ಕಲ್ಲು ಓದೋಕೆ ಕಾಲೇಜಿಗೆ ಕಳ್ಸಿದ್ರೆ ಇಷ್ಟೇ.

ಇದನ್ನ ಅವಳು ಆರು ತಿಂಗಳು ಯಾರಿಗೂ ಹೇಳಿಲ್ಲ. ಆ ಪುಡಿ ಕವರ್ ಹಾಸ್ಟೆಲ್‌ಗೆ ತಂದು ಬ್ಯಾಗಲ್ಲೇ ಇಟ್ಕೊಂಡು ಓಡಾಡಿದಾಳೆ. ಯಾಕೆ ಅಂದೆ. ಮರೀಬಾರ್ದು ಅಂತ ಅಂದ್ಲು.

ಸಾಲ ಮಾಡಿದ ರೈತರ ಮನೆ, ತನ್ನಿಂದಾನೇ ಆಯ್ತು ಅನ್ನೋ ಮಗು, ಇಂಥ ಕಡೆ ನಾನು ಸುತ್ತಿ ಬಳಸಿ ಕೇಳಲ್ಲ. ಸಾಯ್ಬೇಕು ಅನ್ಸತ್ತಾ ಅಂತ ನೇರವಾಗೇ ಕೇಳ್ದೆ. ಇಲ್ಲ, ಆದ್ರೆ ಆವತ್ತು ನಾನು ಊರಿಗೆ ಹೋಗದೇ ಇದ್ದಿದ್ರೆ ಚೆನ್ನಾಗಿತ್ತು ಅನ್ನೋದು ದಿನಾ ಬರತ್ತೆ ಅಂದ್ಲು. ನಿದ್ದೆ ಹೇಗೆ, ಊಟ ಹೇಗೆ, ಅಪ್ಪ ಹೇಗಿದಾರೆ ಎಲ್ಲ ಕೇಳಿ ಬರ್ಕೊಂಡೆ, ರಾತ್ರಿ ಹೊತ್ತು ತುಂಬ ಆದ್ರೆ 14416ಕ್ಕೆ, ಅದು ಸರ್ಕಾರದ ಟೆಲಿ ಮಾನಸ್ ನಂಬರ್, ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ ಅಂತ ಅವಳ ಫೋನಲ್ಲೇ ಸೇವ್ ಮಾಡಿಸ್ದೆ. ವಾರಕ್ಕೊಂದು ಸಲ ಬರ್ಬೇಕು ಅಂತ ಮಾತು ತಗೊಂಡೆ.

ಮೊದಲ ಸಲಹೆ ಸಿಂಪಲ್. ಈ ಸೆಮಿಸ್ಟರ್ ಮುಗಿಯೋವರೆಗೆ ಟಿಸಿ ಮಾತು ಬೇಡ, ಆಮೇಲೂ ಬಿಡ್ಬೇಕು ಅನ್ಸಿದ್ರೆ ನಾನೇ ಜೊತೆಗೆ ಬಂದು ಅರ್ಜಿ ಬರೆಸ್ತೀನಿ ಅಂದೆ. ನರ್ಸಿಂಗ್ ಕೆಟ್ಟದು ಅಂತಲ್ಲ, ಅದು ಇಷ್ಟ ಇದ್ದು ಹೋದ್ರೆ ಸಂತೋಷ, ಆದ್ರೆ ನರ್ಸಿಂಗ್ ಯಾಕೆ ಅಂದ್ರೆ ಅವಳ ಹತ್ರ ಉತ್ತರಾನೇ ಇರ್ಲಿಲ್ಲ, ರೂಮ್‌ಮೇಟ್ ಅಕ್ಕ ಮಾಡ್ತಿದಾಳೆ ಅಂದ್ಲು ಅಷ್ಟೇ.

ಎರಡನೇ ಸಲಹೆಗೆ ಅವಳು ಒಪ್ಪೋಕೆ ಮೂರು ವಾರ ಹಿಡೀತು. ಆ ಪುಡಿ ತಗೊಂಡು ಹೋಗಿ ನಿಮ್ಮ ಲೆಕ್ಚರರ್‌ಗೆ ತೋರ್ಸು, ಆಗಿದ್ದು ಆಗಿದ್ದ ಹಾಗೇ ಹೇಳು ಅಂದೆ. ನನಗೆ ಕಲ್ಲಿನ ಬಗ್ಗೆ ಏನೂ ಗೊತ್ತಿಲ್ಲ, ಬೋರ್ ಯಾಕೆ ಫೇಲ್ ಆಯ್ತು ಅಂತ ನಾನು ಸಮಾಧಾನ ಹೇಳಿದ್ರೆ ಅದು ಬರೀ ಸಮಾಧಾನ. ಅವಳಿಗೆ ಬೇಕಾಗಿದ್ದು ಕಾರಣ. ನಗ್ತಾರೆ ಮೇಡಂ ಅಂತಿದ್ಲು. ಅವರು ನಗ್ಲಿಲ್ಲ. ಪುಡೀನ ತೊಳೆದು ಒಣಗಿಸಿ ಒಂದು ಪೇಪರ್ ಮೇಲೆ ಹರಡಿ ಮ್ಯಾಗ್ನೆಟ್ ಹಿಡಿದ್ರಂತೆ, ಸಣ್ಣ ಸಣ್ಣ ಕಪ್ಪು ಕಾಳು ಇರುವೆ ಥರ ಎದ್ದು ಅಂಟ್ಕೊಂಡ್ವಂತೆ. ಡಾಲರೈಟ್ ಅನ್ನೋ ಕಪ್ಪು ಕಲ್ಲು ಇರ್ಬೇಕು, ಅದರಲ್ಲಿ ಮ್ಯಾಗ್ನೆಟೈಟ್ ಅಂತ ಮ್ಯಾಗ್ನೆಟ್‌ಗೆ ಅಂಟೋ ಕಬ್ಬಿಣದ ಖನಿಜ ಇರತ್ತೆ ಅಂದ್ರಂತೆ. ಇವಳು ಏನಂದ್ಲು ಗೊತ್ತಾ, ಸರ್ ಅದು ಡ್ರಿಲ್ ಬಿಟ್ ಸವೆದ ಕಬ್ಬಿಣದ ಚೂರೂ ಇರಬಹುದಲ್ವಾ ಅಂತ! ಆಮೇಲೆ ಲೆನ್ಸ್ ಹಿಡಿದು ಇಬ್ರೂ ಒಂದು ಗಂಟೆ ಕೂತಿದಾರೆ. ಆ ಪ್ರಶ್ನೆ ಕೇಳಿದ್ಲು ಅಂತ ಅವರು ನನಗೆ ಫೋನಲ್ಲಿ ಹೇಳಿದಾಗ (ಅವಳು ಒಪ್ಪಿದ ಮೇಲೇ ಮಾತಾಡಿದ್ದು) ಈ ಹುಡುಗಿ ಕೋರ್ಸ್ ಬಿಡಲ್ಲ ಅಂತ ನನಗೆ ಅನ್ನಿಸಿಬಿಡ್ತು, ಹೇಳ್ಲಿಲ್ಲ ಅಷ್ಟೇ.

ವಿಷಯ ಏನಂದ್ರೆ ಅವಳು ಬಿರುಕು ಅನ್ಕೊಂಡಿದ್ದ ಆ ಕಪ್ಪು ಗೆರೆ ಬಿರುಕಲ್ಲ, ಡೈಕ್. ನೈಸ್ (gneiss) ಅನ್ನೋ ಹಳೇ ಕಲ್ಲನ್ನ ಸೀಳ್ಕೊಂಡು ಕೆಳಗಿಂದ ಶಿಲಾರಸ ನುಗ್ಗಿ ಬಂದು ಹೆಪ್ಪುಗಟ್ಟಿದ ಗೋಡೆ, ನಮ್ಮ ಕಡೆ ಕರಿಕಲ್ಲು ಅಂತೀವಲ್ಲ, ಅದು. ನೆಲದೊಳಗೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರತ್ತೆ, ಅದರ ಮೇಲೇ ಬೋರ್ ಹೊಡೆದ್ರೆ ಗೋಡೆಯೊಳಗೇ ಇಳೀತಾ ಹೋಗ್ತೀವಿ, 870 ಅಲ್ಲ ಇನ್ನೂ ಇಳಿದ್ರೂ ಅಷ್ಟೇ. ಆದ್ರೆ ಅದೇ ಗೋಡೆ ಎಷ್ಟೋ ಕಡೆ ನೆಲದಡಿ ಒಡ್ಡಿನ ಥರ ಕೆಲಸ ಮಾಡತ್ತೆ, ಇಳಿಜಾರಿನ ಮೇಲ್ಗಡೆ ಬದಿಯಲ್ಲಿ ನೀರು ನಿಲ್ಲೋ ಸಾಧ್ಯತೆ ಇರತ್ತೆ. ಗೆರೆ ಹುಡುಕಿದ್ದು ಸರಿ, ಓದಿದ್ದು ತಪ್ಪು. ತೋಟದ ಬದುವಿನಲ್ಲಿ ಸಾಲಾಗಿ ಬಿದ್ದಿದ್ದ ಕರಿಕಲ್ಲು ಗುಂಡು ಅವಳು ಚಿಕ್ಕೋಳಿಂದ ಹತ್ತಿ ಆಡಿದ್ದೇ, ಮ್ಯಾಪಿಗೂ ಅದಕ್ಕೂ ತಾಳೆ ಹಾಕಿರ್ಲಿಲ್ಲ. ಗ್ರೌಂಡ್ ಚೆಕ್ ಮಾಡದೇ ಪಾಯಿಂಟ್ ಕೊಡಬಾರ್ದು ಅಂತ ಮೂರನೇ ವರ್ಷದಲ್ಲಿ ಹೇಳ್ಕೊಡ್ತೀವಿ, ಇವಳು ಒಂದು ವರ್ಷ ಮುಂಚೆ ಕಲಿತ್ಲು ಅಂತ ಆ ಲೆಕ್ಚರರ್ ಮಾತು.

ಮೂರನೇದು ಅಪ್ಪನ್ನ ಕರೆಸಿದ್ದು. ಬೆಳಗಿನ ಬಸ್ಸಿಗೆ ಬಂದ್ರು, ಚಪ್ಪಲಿ ಹೊರಗೆ ಬಿಟ್ಟು ಕೂತ್ರು. ಮಗಳು ಟಿಸಿ ಕೇಳಿದ್ದೇ ಅವರಿಗೆ ಗೊತ್ತಿಲ್ಲ. ಬೋರಿನ ವಿಷಯಕ್ಕೆ ಅಂದಾಗ ಅವರು ಅಂದಿದ್ದು, "ಅದಕ್ಯಾಕ್ ಇವ್ಳು? ನಾನೂರು ಅಡೀಗೇ ನಿಲ್ಸಪ್ಪ, ಧೂಳು ಒಣಗೇ ಬರ್ತೈತೆ ಅಂತ ಇವ್ಳು ಬಡ್ಕಂಡ್ಳು, ನಾನೇ ಕೇಳ್ಲಿಲ್ಲ, ಇನ್ನೊಂದು ನೂರು ಇನ್ನೊಂದು ನೂರು ಅಂತ ಇಳಿಸ್ದೆ." ಶೈಲಾ ಅಪ್ಪನ ಮುಖಾನೇ ನೋಡ್ತಾ ಕೂತ್ಲು. ನಿಲ್ಲಿಸು ಅಂದಿದ್ದು ಅವಳಿಗೆ ಪೂರ್ತಿ ಮರ್ತೇ ಹೋಗಿತ್ತು. ಆಳ ಹೋದಂಗೆ ಅಡಿ ರೇಟ್ ಏರತ್ತೆ, ಬೋರ್ ಹೊಡೆಸಿದೋರಿಗೆಲ್ಲ ಗೊತ್ತು, ಸಾಲದಲ್ಲಿ ದೊಡ್ಡ ಪಾಲು ಆ ಕೆಳಗಿನ ಅಡಿಗಳದ್ದೇ. ತಪ್ಪಿತಸ್ಥ ಮನಸ್ಸು ತನಗೆ ಬೇಕಾದ ಸಾಕ್ಷಿ ಮಾತ್ರ ಇಟ್ಕೊಂಡು ಉಳಿದಿದ್ದು ಎಸೆದುಬಿಡತ್ತೆ, ಇದು ನಾನು ತುಂಬ ಮಕ್ಕಳಲ್ಲಿ ನೋಡಿದೀನಿ.

ಇಲ್ಲೊಂದು ಮಾತು ಹೇಳಲೇಬೇಕು, ನನಗೆ ಸಿಟ್ಟು ಬಂದಿದ್ದೂ ಇಲ್ಲೇ. ಕಾಯಿ ಅಜ್ಜಂದು ಎರಡು ಬೋರ್ ಫೇಲ್ ಆದಾಗ ಅದು ಇವರ ಹಣೆಬರಹ, ಅಜ್ಜನಿಗೆ ಯಾರೂ ಏನೂ ಅನ್ಲಿಲ್ಲ, ದಕ್ಷಿಣೆ ಕೊಟ್ಟು ಕಳಿಸಿದ್ರು. ಮಗಳದ್ದು ಒಂದು ಫೇಲ್ ಆದ್ರೆ ಓದೇ ದಂಡ. ಎರಡನೇ ವರ್ಷದ ಎಂಬಿಬಿಎಸ್ ಹುಡುಗನ ಕೈಗೆ ಯಾರೂ ಕತ್ತರಿ ಕೊಡಲ್ಲ, ಜಿಯಾಲಜಿ ಹುಡುಗಿ ಕೈಗೆ ಮಾತ್ರ ರಿಗ್ ಕೊಟ್ಬಿಡ್ತೀವಿ. ನಾನು ಇದನ್ನ ಅಪ್ಪನಿಗೆ ಇಷ್ಟು ಖಾರವಾಗಿ ಹೇಳ್ಲಿಲ್ಲ, ಮೆತ್ತಗೆ ಹೇಳ್ದೆ. ಅವರು ನಕ್ಕು, ಸೋದರಮಾವನಿಗೆ ಇನ್ಮೇಲೆ ನಾನೇ ಉತ್ತರ ಕೊಡ್ತೀನಿ ಅಂದ್ರು. ಶೈಲಾಗೆ ಹೇಳಿದ್ದು ಬೇರೆ, ಇನ್ನು ಯಾರೇ ಪಾಯಿಂಟ್ ಕೇಳಿದ್ರೂ ನಾನಿನ್ನೂ ಕಲೀತಿದೀನಿ ಅನ್ನು, ಇಷ್ಟೇ ಉದ್ದದ ವಾಕ್ಯ, ಕನ್ನಡಿ ಮುಂದೆ ಹೇಳಿ ಅಭ್ಯಾಸ ಮಾಡು ಅಂತ.

ಫೀಲ್ಡ್ ಟ್ರಿಪ್ ವಿಷಯಾನೂ ಆವತ್ತೇ ಇತ್ಯರ್ಥ ಆಯ್ತು. ಹತ್ತು ದಿನ ಹುಡುಗರ ಜೊತೆ ಕಾಡು ಮೇಡು ಅಂತ ಅಮ್ಮ ಬೇಡ ಅಂದಿದ್ರು. ಹೋಗೋ ಹುಡುಗೀರು ಎಷ್ಟು ಜನ, ಮೇಡಂ ಒಬ್ರು ಇರ್ತಾರಾ, ರಾತ್ರಿ ಉಳಿಯೋದು ಎಲ್ಲಿ, ಬಾತ್‌ರೂಮ್ ಏನು ಕಥೆ, ಇಷ್ಟನ್ನ ಡಿಪಾರ್ಟ್‌ಮೆಂಟಿನಿಂದ ಬರವಣಿಗೆಯಲ್ಲಿ ಕೇಳಿ ತಗೊಂಡು ಅಮ್ಮನಿಗೆ ಓದಿ ಹೇಳು ಅಂದೆ, ಓದಿದ್ಲು, ಒಪ್ಪಿದ್ರು. ಹೋಗಿದ್ದು ಚಿತ್ರದುರ್ಗದ ಕಡೆ. ಐಮಂಗಲದ ಹತ್ರ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟ ಹಾಗಿರೋ ಲಾವಾ ಇದೆ, ಸಮುದ್ರದಡಿ ಉಕ್ಕಿದ ಲಾವಾ ನೀರಿಗೆ ತಾಗಿ ಹಾಗೆ ಗುಂಡಗಾಗಿದ್ದಂತೆ, ಸುಮಾರು 250 ಕೋಟಿ ವರ್ಷದ್ದು. ಒಂದು ಹನಿ ನೀರಿಗೆ ಸಾಯ್ತಿರೋ ನಮ್ಮ ಸೀಮೆ ಒಂದು ಕಾಲಕ್ಕೆ ಸಮುದ್ರ ಮೇಡಂ ಅಂತ ಬಂದು ಹೇಳಿದ್ಲು. ನಾನು ಲಾಲ್‌ಬಾಗಿನ ಬಂಡೆ ಮೇಲೆ ಎಷ್ಟೋ ಸಲ ಕೂತು ಕಡಲೆಕಾಯಿ ತಿಂದಿದೀನಿ, ಅದು 300 ಕೋಟಿ ವರ್ಷದ್ದು ಅನ್ನೋದು ಅವಳಿಂದಲೇ ತಿಳಿದಿದ್ದು.

ಆಮೇಲೆ ನಿಜವಾದ ಕೆರಿಯರ್ ಮಾತು, ಈ ಸಲ ಅವಳೇ ಎತ್ತಿದ್ದು. ಎಂಎಸ್ಸಿ ಜಿಯಾಲಜಿನಾ ಎನ್ವಿರಾನ್ಮೆಂಟಲ್ ಸೈನ್ಸಾ ಅಂತ. ಇಷ್ಟ ಯಾವುದು ಅನ್ನೋದು ಒಂದು ಕಡೆ, ಮುಂದೆ ಯಾವ ಬಾಗಿಲು ಮುಚ್ಚತ್ತೆ ಅಂತಾನೂ ನೋಡು ಅಂದೆ. ಯುಪಿಎಸ್‌ಸಿ ನಡೆಸೋ ಜಿಯೋ-ಸೈಂಟಿಸ್ಟ್ ಪರೀಕ್ಷೆಯಲ್ಲಿ ಜಿಯಾಲಜಿಸ್ಟ್ ಆಗ್ಲಿ, ಕೇಂದ್ರ ಅಂತರ್ಜಲ ಮಂಡಳಿಯ ಹೈಡ್ರೋಜಿಯಾಲಜಿ ಪೋಸ್ಟ್ ಆಗ್ಲಿ, ಬರೀ ಬಿಎಸ್ಸಿ ಸಾಲಲ್ಲ, ಜಿಯಾಲಜಿ ಕಡೆಯ ಎಂಎಸ್ಸಿನೇ ಬೇಕು, ಎನ್ವಿರಾನ್ಮೆಂಟಲ್ ಸೈನ್ಸ್ ಎಂಎಸ್ಸಿ ಮಾಡಿದ್ರೆ ಅಲ್ಲಿಗೆ ಅರ್ಜಿ ಹಾಕೋಕಾಗಲ್ಲ. ಅರಣ್ಯ ಸೇವೆ ಪರೀಕ್ಷೆಗೂ ಡಿಗ್ರಿಯಲ್ಲಿ ಇರಬೇಕಾದ ವಿಷಯಗಳ ಪಟ್ಟಿಯಲ್ಲಿ ಜಿಯಾಲಜಿ ಇದೆ. ಆ ಕಡೆ ಎನ್ವಿರಾನ್ಮೆಂಟಲ್ ಸೈನ್ಸ್‌ಗೆ ಲೆಕ್ಚರರ್ ಕೆಲಸದ ಅರ್ಹತೆಗೆ ಯುಜಿಸಿ ನೆಟ್ ಪರೀಕ್ಷೆ ಇದೆ, ಹೊಸ ಗಣಿ-ಕಾರ್ಖಾನೆ ಅಂದ್ರೆ 2006ರ ಅಧಿಸೂಚನೆ ಪ್ರಕಾರ ಪರಿಸರ ಪರಿಣಾಮದ ವರದಿ ಬೇಕಾಗತ್ತಲ್ಲ, ಆ ಕನ್ಸಲ್ಟೆನ್ಸಿಗಳಲ್ಲಿ ಕೆಲಸ ಇದೆ, ಅಲ್ಲೂ ನೀರು-ನೆಲ ಗೊತ್ತಿರೋ ಜಿಯಾಲಜಿಯವರು ಬೇಕೇ ಬೇಕು. ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಅಂತ ಪರೀಕ್ಷೆ, ಅದರಲ್ಲಿ ಜಿಯಾಲಜಿ ಪೇಪರ್ ಇದೆ, ಈ ವರ್ಷದಿಂದಲೇ ಹಳೇ ಪ್ರಶ್ನೆಪತ್ರಿಕೆ ಬಿಡಿಸು ಅಂದೆ. ಸುಳ್ಳು ಭರವಸೆ ಕೊಡ್ಲಿಲ್ಲ, ಸರ್ಕಾರಿ ಪೋಸ್ಟ್ ಕಮ್ಮಿ, ಕಾಯ್ಬೇಕು, ಪ್ರೈವೇಟಲ್ಲಿ ಶುರುವಿನ ಸಂಬಳ ಸಣ್ಣದು, ಬಿಸಿಲಲ್ಲಿ ಓಡಾಟ.

ಪ್ರಾಜೆಕ್ಟ್ ವಿಷಯ ಅವಳೇ ಆರಿಸಿದ್ದು. ತಮ್ಮನ ಹಲ್ಲಿನ ಮೇಲೆ ಕಂದು ಗೆರೆ ಇದೆ, ಊರಲ್ಲಿ ಸುಮಾರು ಮಕ್ಕಳಿಗಿದೆ, ಫ್ಲೋರೈಡ್. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಅಂತ ಮಾನದಂಡ. ಆ ಫ್ಲೋರೈಡ್ ಬರೋದು ಕಲ್ಲಿನ ಖನಿಜದಿಂದಲೇ, ನೀರು ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದಷ್ಟೂ ಹೆಚ್ಚು ಕರಗತ್ತೆ. ಅಂದ್ರೆ ಜಿಯಾಲಜಿನೂ ಎನ್ವಿರಾನ್ಮೆಂಟಲ್ ಸೈನ್ಸೂ ಅವಳಿಗೆ ಬೇರೆ ಬೇರೆ ಆಗಿ ಉಳೀಲಿಲ್ಲ, ತಮ್ಮನ ಹಲ್ಲಲ್ಲೇ ಎರಡೂ ಸೇರಿದ್ವು. ಊರಿನ 22 ಬೋರಿಂದ ಬಾಟ್ಲಿ ತುಂಬಿಸ್ಕೊಂಡು ಬಂದ್ಲು, ಕೇಳಿದೋರಿಗೆಲ್ಲ ನೀರು ಎಲ್ಲಿದೆ ಹೇಳಲ್ಲ, ಇರೋ ನೀರು ಹೇಗಿದೆ ಹೇಳ್ತೀನಿ ಅಂದ್ಲಂತೆ.

ಈಗ ಮೂರನೇ ವರ್ಷ. ಎಂಎಸ್ಸಿ ಯಾವುದು ಅಂತ ಇನ್ನೂ ಡಿಸೈಡ್ ಮಾಡಿಲ್ಲ, ಹಿಂದಿನ ಸೆಮಿಸ್ಟರ್ ಕೆಮಿಸ್ಟ್ರಿ ಒಂದು ಬಾಕಿ ಇದೆ. ಸಾಲ ಇನ್ನೂ ತೀರಿಲ್ಲ. ಮೊನ್ನೆ ಅಪ್ಪ ದುಡ್ಡು ಕೊಟ್ಟು ರೆಸಿಸ್ಟಿವಿಟಿ ಸರ್ವೆಯವರನ್ನ ಕರೆಸಿದ್ರಂತೆ, ನೆಲಕ್ಕೆ ಸರಳು ಚುಚ್ಚಿ ಕರೆಂಟ್ ಬಿಟ್ಟು ಅಳೆದು, ಡೈಕಿನ ಮೇಲ್ಗಡೆ ಬದಿಗೆ ಒಂದು ಜಾಗ ಹೇಳಿ ಗ್ಯಾರಂಟಿ ಇಲ್ಲ ಅಂತಾನೂ ಹೇಳಿ ಹೋದ್ರಂತೆ. ಅದೇ ಸಂಜೆ ಅಪ್ಪ ಕಾಯಿ ಅಜ್ಜನ್ನೂ ಕರೆಸಿದಾರೆ, ಒಂದು ಮಾತು ಇರ್ಲಿ ಅಂತ. ಅವರು ತೋರ್ಸಿದ್ದು ಇನ್ನೊಂದು ಮೂಲೆ. ಈಗ ತೋಟದಲ್ಲಿ ಎರಡು ಗೂಟ ನಿಂತಿವೆ, ಹೊಡೆಸೋಕೆ ದುಡ್ಡಿಲ್ಲ, ಮಳೆಗಾಲ ನೋಡ್ಕೊಂಡು ಅಂದಿದಾರಂತೆ.