ಪ್ರತಿಕ್ರಿಯೆ: ಅಚ್ಚಿಗೆ 12 ಲಕ್ಷ ಬೇಕು, ಹೂಡಿಕೆದಾರರು ಒಪ್ಪುತ್ತಿಲ್ಲ

ಹೂಡಿಕೆದಾರರು ಹಿಂಜರಿಯುತ್ತಿರುವುದು ಬಹುಶಃ ಟ್ಯಾಂಕಿನ ನೀರಿನ ಮಟ್ಟವನ್ನು ವೈಫೈ ಮೂಲಕ ತಿಳಿಸುವ ನಿಮ್ಮ ಮಾಪಕದ ಮೇಲಿನ ಅನುಮಾನದಿಂದಲ್ಲ. ಒಂದೂ ಮಾರಾಟವಾಗುವ ಮೊದಲೇ ನೀವು ಅದರ ಪ್ಲಾಸ್ಟಿಕ್ ಕವಚ ತಯಾರಿಸುವ ಉಕ್ಕಿನ ಅಚ್ಚಿಗೆ 12 ಲಕ್ಷ ರೂಪಾಯಿ ಕೇಳುತ್ತಿದ್ದೀರಿ. ಉಕ್ಕು ಕೊರೆದ ಮೇಲೆ ವಿನ್ಯಾಸ ತಿದ್ದುವುದು ದುಬಾರಿ, ಅದು ಅವರಿಗೂ ಗೊತ್ತು.

ಆ ಅಚ್ಚನ್ನು ಸದ್ಯಕ್ಕೆ ಬಿಡಿ. ಮೊದಲು ಸಿಲಿಕೋನ್ ಅಚ್ಚಿನಲ್ಲಿ ವ್ಯಾಕ್ಯೂಮ್ ಕಾಸ್ಟಿಂಗ್ (ನಿರ್ವಾತದಲ್ಲಿ ದ್ರವ ಪಾಲಿಯುರೆಥೇನ್ ಪ್ಲಾಸ್ಟಿಕ್ ಎರಕ ಹೊಯ್ಯುವುದು) ಮಾಡಿಸಿ. ಒಂದು ಅಚ್ಚಿನಿಂದ ಸುಮಾರು 20 ಕವಚಗಳು ಬರುತ್ತವೆ. ಆ ಪಾಲಿಯುರೆಥೇನ್ ಬಿಸಿಲಿಗೆ ಹಳದಿಯಾಗಬಹುದು, ತಾರಸಿಯ ಮೇಲಿಡುವ ವಸ್ತುವಾದ್ದರಿಂದ ಬಣ್ಣ ಬಳಿಸಿಯೇ ಕೊಡಿ. ಇಂಥ 50 ಮಾಪಕಗಳನ್ನು ಅಪರಿಚಿತರಿಗೆ ಪೂರ್ತಿ ಬೆಲೆಗೆ ಮಾರಿ. ನೆಂಟರಿಷ್ಟರಿಗೆ ಪುಕ್ಕಟೆ ಹಂಚಿದರೆ ಏನೂ ತಿಳಿಯುವುದಿಲ್ಲ. ಎಷ್ಟು ವಾಪಸ್ ಬಂದವು, ಏಕೆ ಬಂದವು ಎಂದು ಬರೆದಿಡಿ.

ವೈಫೈಗೆ ಮೊದಲೇ ಪ್ರಮಾಣೀಕೃತವಾದ ಮಾಡ್ಯೂಲ್ ಬಳಸಿ. ಅಡಾಪ್ಟರ್ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಇರುವುದನ್ನೇ ಕೊಳ್ಳಿ.

ಕಂಪನಿ ಕರ್ನಾಟಕದಲ್ಲಿ ನೋಂದಣಿಯಾಗಿದೆಯೇ ಎಂದು ನೀವು ಬರೆದಿಲ್ಲ. ಆಗಿದ್ದರೆ ರಾಜ್ಯ ಸರ್ಕಾರ ನವೋದ್ಯಮಗಳಿಗಾಗಿ ನಡೆಸುವ ಎಲಿವೇಟ್ ಯೋಜನೆಗೆ ಅರ್ಜಿ ಹಾಕಿ: 50 ಲಕ್ಷದವರೆಗೆ ಅನುದಾನವಿದೆ, ಷೇರು ಬಿಟ್ಟುಕೊಡಬೇಕಿಲ್ಲ. ಹಣ ಕಂತುಗಳಲ್ಲಿ ಬರುವುದರಿಂದ ಸಂಬಳಕ್ಕೆ ಅದನ್ನು ನಂಬಬೇಡಿ. ಹೂಡಿಕೆದಾರರ ಬಳಿ ಮತ್ತೆ ಹೋಗುವಾಗ ಮಾರಾಟದ ಬಿಲ್ಲುಗಳನ್ನೂ ವಾಪಸಾತಿಯ ಲೆಕ್ಕವನ್ನೂ ಒಯ್ಯಿರಿ.