ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದೇಕೆ, ಹಾಲು ಕುಡಿದರೆ ಸಾಕೇ?

ಕಾಸರಗೋಡಿನ ಓದುಗರೊಬ್ಬರು ತಮ್ಮ 52 ವರ್ಷದ ತಾಯಿಯ ಬಗ್ಗೆ ಕೇಳಿದ್ದಾರೆ: ಮುಟ್ಟು ನಿಂತಿದೆ, ಮೂಳೆ ತೆಳುವಾಗಿದೆ, ಹಾಲು ಸಾಕಾಗುವುದೇ? ಹಾಲು ಬೇಕು, ಆದರೆ ಅದೊಂದೇ ಸಾಲದು.

ಮೂಳೆಯನ್ನು ಕರಗಿಸುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ನಮ್ಮಲ್ಲಿ ಸದಾ ಕೆಲಸ ಮಾಡುತ್ತಿರುತ್ತವೆ. ಕರಗಿಸುವವುಗಳಿಗೆ ಕಡಿವಾಣ ಹಾಕುವ ಈಸ್ಟ್ರೋಜನ್ ಹಾರ್ಮೋನು ಮುಟ್ಟು ನಿಂತಾಗ ತೀರಾ ಕಡಿಮೆಯಾಗುವುದರಿಂದ, ಮೊದಲ ಕೆಲವು ವರ್ಷಗಳಲ್ಲಿ ಸವೆತ ಕಟ್ಟುವಿಕೆಯನ್ನು ಮೀರುತ್ತದೆ. 45ಕ್ಕೂ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಇದು ಬೇಗನೆ ಆರಂಭವಾಗುತ್ತದೆ.

ಈ ಕೊರತೆಯನ್ನು ಆಹಾರ ತುಂಬಿಕೊಡಲಾರದು, ಆದರೆ ಆಹಾರ ಸರಿಯಿಲ್ಲದಿದ್ದರೆ ನಷ್ಟ ಹೆಚ್ಚುತ್ತದೆ. ನಮ್ಮ ಕಡೆಯ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯ ಊಟದಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. ಈ ವಯಸ್ಸಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚಿದೆ. ನುಗ್ಗೆ ಸೊಪ್ಪು, ಎಳ್ಳು, ಮಜ್ಜಿಗೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯವು. ಹರಿವೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರಿಕೆಯನ್ನು ತಡೆಯುತ್ತದೆ.

ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು; ಬಿಸಿಲು ಬಿದ್ದಾಗ ಚರ್ಮ ಅದನ್ನು ತಯಾರಿಸುತ್ತದೆ. ಬಿಸಿಲಿಗೆ ಬರವಿಲ್ಲದ ಊರಾದರೂ, ಇಡೀ ದಿನ ಜಗಲಿಯ ನೆರಳಲ್ಲಿ ಕುಳಿತು ಬೀಡಿ ಕಟ್ಟುವವರಿಗೆ ಅದು ಸಿಗುವುದು ಕಡಿಮೆ. ಕೂತೇ ಇರುವುದರಿಂದ ಮೂಳೆಗೆ ಬೇಕಾದ ಭಾರವೂ ಬೀಳುವುದಿಲ್ಲ.

ಮೂಳೆಯ ಸಾಂದ್ರತೆಯನ್ನು ಎಕ್ಸ್-ರೇಯಿಂದ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದನ್ನು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ ಎನ್ನುತ್ತಾರೆ; ಆಗ ಔಷಧಿಯ ವಿಚಾರವನ್ನು ವೈದ್ಯರೊಂದಿಗೆ ಮಾತನಾಡಬೇಕು. ತಾಯಿ ಥೈರಾಯ್ಡ್ ಮಾತ್ರೆಯನ್ನೋ ಸ್ಟೀರಾಯ್ಡನ್ನೋ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಪ್ಪದೆ ತಿಳಿಸಿ, ಏಕೆಂದರೆ ಪ್ರಮಾಣ ಮೀರಿದ ಥೈರಾಯ್ಡ್ ಮಾತ್ರೆಯೂ ದೀರ್ಘಕಾಲದ ಸ್ಟೀರಾಯ್ಡೂ ಮೂಳೆಯನ್ನು ಸವೆಸುತ್ತವೆ.