ಕೆಂಪು ಬಣ್ಣದ ಎರಡು ಅಂಗಡಿಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 43. ಬೆಂಗಳೂರಿನ ಬಟ್ಟೆ ಕಂಪನಿಯೊಂದರಲ್ಲಿ ಏರಿಯಾ ಮ್ಯಾನೇಜರ್, ಒಂಬತ್ತು ಅಂಗಡಿಗಳ ಜವಾಬ್ದಾರಿ. ಪಿಯುಸಿ ಮುಗಿಸಿ ಚಿಕ್ಕಪೇಟೆಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಕೆಲಸದಿಂದ ಮೇಲೆ ಬಂದವರು. ಸಲಹೆ ಕೇಳಲು ಹೆಂಡತಿ ಜೊತೆ ನನ್ನ ಹತ್ತಿರ ಬಂದಾಗ ಆಷಾಢದ ಸೇಲ್ ಜೋರಾಗಿತ್ತು. ಹೆಂಡತಿಯೇ ಮೊದಲು ಮಾತಾಡಿದರು: "ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ನೋಡ್ತಾರೆ ಮೇಡಂ. ಆ ಹೊತ್ನಲ್ಲಿ ಯಾವ ಅಂಗಡಿ ತೆಗೆದಿರುತ್ತೆ?"

ಹೊಸ ಬಾಸ್ ಇವರಿಗಿಂತ ಒಂಬತ್ತು ವರ್ಷ ಚಿಕ್ಕವರು, ಎಂಬಿಎ. ಗಂಟೆಗೊಮ್ಮೆ ಪ್ರತಿ ಅಂಗಡಿಯ ಸೇಲ್ ವಾಟ್ಸಾಪ್ ಗ್ರೂಪಿಗೆ ಬರಬೇಕು. ಎಷ್ಟು ಜನ ಒಳಗೆ ಬಂದರು, ಎಷ್ಟು ಬಿಲ್ ಆಯ್ತು. ಟಾರ್ಗೆಟ್ ಮುಟ್ಟದ ಅಂಗಡಿಗೆ ಕೆಂಪು ಬಣ್ಣ. ಇವರ ಎರಡು ಅಂಗಡಿ ಮೂರು ತಿಂಗಳಿಂದ ಕೆಂಪಲ್ಲೇ ಇದ್ದವು. ಒಂದರ ಮುಂದೆ ರಸ್ತೆ ಅಗೆದಿದ್ದರು, ಗಾಡಿ ನಿಲ್ಲಿಸಲು ಜಾಗವಿಲ್ಲ. ಇನ್ನೊಂದರಲ್ಲಿ ಎಂ, ಎಲ್ ಸೈಜ್ ಖಾಲಿಯಾಗಿ ಬರೀ ಎಸ್, ಡಬಲ್ ಎಕ್ಸೆಲ್ ಉಳಿದಿತ್ತು.

ಇದನ್ನು ಮೀಟಿಂಗಲ್ಲಿ ಹೇಳಿದ್ರಾ ಎಂದೆ. "ಸ್ಲೈಡ್ ಮಾಡಿ ತೋರಿಸ್ಬೇಕು ಮೇಡಂ. ನಂಗೆ ಬಾಯಲ್ಲಿ ಬರುತ್ತೆ, ಸ್ಲೈಡಲ್ಲಿ ಬರಲ್ಲ."

ಒಂದು ಕಡೆ ಓಡದ ಶರ್ಟನ್ನು ಬೇರೆ ಬ್ರಾಂಚಿಗೆ ಕಳಿಸ್ತೀರಿ, ಹಾಗಂತ ಶರ್ಟ್ ಕೆಟ್ಟದ್ದಲ್ಲ ಅಲ್ವಾ ಎಂದು ನಾನು ಜಾಣತನ ತೋರಿಸಲು ಹೋದೆ. "ನಾನು ಶರ್ಟಲ್ಲ ಮೇಡಂ" ಎಂದರು. ಆಮೇಲೆ ಅಂಥ ಮಾತು ಎತ್ತಲಿಲ್ಲ.

ರಾಜೀನಾಮೆ ಮೊಬೈಲಿನಲ್ಲಿ ಟೈಪಾಗಿ ಕೂತಿತ್ತು. ಪಿಎಫ್ ತೆಗೆದು ಜಯನಗರದಲ್ಲಿ ಸ್ವಂತ ಅಂಗಡಿ ಹಾಕುವ ಯೋಚನೆ. ಕೆಲಸಕ್ಕೆ ಸೇರಿದ ತಾರೀಕು ಕೇಳಿದೆ. 4 ವರ್ಷ 4 ತಿಂಗಳಾಗಿತ್ತು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿಗೆ, ಇವರಂಥ ಕಾಯಂ ನೌಕರರಿಗೆ 5 ವರ್ಷ ತುಂಬಬೇಕು. ತುಂಬಿದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಇನ್ನೆಂಟು ತಿಂಗಳು. ಹೆಂಡತಿ ಅಲ್ಲೇ ಬೆರಳು ಮಡಚಿ ಎಣಿಸಿದರು.

ದೀಪಾವಳಿ ಕಳೆಯುವವರೆಗೆ ರಾಜೀನಾಮೆಯ ಮಾತು ಬೇಡ ಎಂದೆ. ನಿದ್ದೆಗೆಟ್ಟ ತಲೆಯಲ್ಲಿ ಸೇಲ್ ಸೀಸನ್ನಿನಲ್ಲಿ ತೀರ್ಮಾನ ಮಾಡುವುದು ಸರಿಯಲ್ಲ. ಮೊದಲು ಡಾಕ್ಟರನ್ನು ನೋಡಿ, ಬಿಪಿ, ಶುಗರ್ ಚೆಕ್ ಮಾಡಿಸಿ ಎಂದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಫೋನ್ ಹೆಂಡತಿಯ ಕೈಗೆ.

ಬಾಸ್ ಜೊತೆ ಮೀಟಿಂಗಲ್ಲಿ ವಾದ ಬೇಡ, ಆ ಖಾಲಿ ರ‍್ಯಾಕಿನ ಮುಂದೆಯೇ ಕರೆದುಕೊಂಡು ಹೋಗಿ ನಿಲ್ಲಿಸಿ ಎಂದೆ. ಯಾವ ಸೈಜ್, ಯಾವತ್ತಿಂದ ಇಲ್ಲ, ಎಷ್ಟು ಗಿರಾಕಿ ವಾಪಸ್ ಹೋದರು, ಒಂದೇ ಹಾಳೆ ಸಾಕು. ಪಿಯುಸಿ ಓದುವ ಮಗಳು ಟೈಪ್ ಮಾಡಿಕೊಟ್ಟಳಂತೆ. ಸ್ವಂತ ಅಂಗಡಿಗೆ ನಾನು ಬೇಡ ಅನ್ನಲಿಲ್ಲ. ಅಡ್ವಾನ್ಸ್, ಬಾಡಿಗೆ, ಮಾರಾಟವಾಗದೆ ಉಳಿಯುವ ಮಾಲು ಎಲ್ಲ ಬರೆದು ತನ್ನಿ ಎಂದೆ.

ಮೂರನೇ ಸಲ ಬಂದಾಗ ಸ್ವಂತ ಅಂಗಡಿಯ ಲೆಕ್ಕ ಅರ್ಧ ಆಗಿತ್ತು. ಸೈಜ್ ಬಂದು ಒಂದು ಅಂಗಡಿ ಕೆಂಪಿನಿಂದ ಹೊರಗೆ ಬಂದಿತ್ತು. ಇನ್ನೊಂದರ ಮುಂದೆ ರಸ್ತೆ ಇನ್ನೂ ಮುಚ್ಚಿಲ್ಲ.